ಭಾಷೆ ಓಪನ್ ಸೋರ್ಸ್ ಆದ್ರ ನಮ್ಮ ಕೋಡೂ ಬಿಟ್ಟೀನ?

ಈ ವಾರದಾಗ ಇದು ಮೂರನೇ ಸಲ ರೀ. ಈ ಸಲ ಕೇಳಿದಾಂವ ವಿದ್ಯಾನಗರದ ಬಿಸಿಎ ಹುಡುಗ: "ಸರ್, ಕಂಪನಿಯವ್ರು ಸ್ವಂತ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ರ ಅದನ್ನ ಓಪನ್ ಸೋರ್ಸ್ ಮಾಡಬೇಕೋ ಬ್ಯಾಡೋ? ಲಾಸ್ ಆಗೂದಿಲ್ಲೇನ್ರಿ?"

ಓಪನ್ ಸೋರ್ಸ್ ಅಂದ್ರ ಒಳಗಿನ ಕೋಡ್ ಯಾರ ಬೇಕಾದ್ರೂ ನೋಡಿ, ತಿದ್ದಿ, ಬಳಸೂ ಹಂಗ ಬಿಡೂದು. ಹೊರಗಿನ ಮಂದಿ ಆ ಭಾಷೆದಾಗ ಬರೀಲಿ ಅಂತ ಆಸೆ ಇದ್ರ ಮಾಡಬೇಕು. ತಮ್ಮ ಆಫೀಸಿನ ಒಳಗಷ್ಟ ಬಳಸೂದಿದ್ರ ಮಾಡಿದ್ರೂ ಅಷ್ಟ, ಬಿಟ್ರೂ ಅಷ್ಟ. ಉತ್ತರ ಮುಗೀತು. ಆದ್ರ ಇದರ ಬೆನ್ನಿಗೇ ಇನ್ನೊಂದು ಬಂದ ಬರ್ತೈತಿ, "ಭಾಷೆ ಓಪನ್ ಆದ್ರ ಅದರಾಗ ಬರೆದ ಸಾಫ್ಟ್‌ವೇರೂ ಎಲ್ಲಾರಿಗೂ ಬಿಟ್ಟಿ ಕೊಡಬೇಕಲ್ರಿ?"

ಕೊಡಬೇಕಾಗಿಲ್ಲೋ ತಮ್ಮಾ, ಎಷ್ಟ ಸಲ ಹೇಳ್ಲಿ!

ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಿ ನೋಡು. ತಕ್ಕಡಿ ಹೆಂಗ ಮಾಡ್ಯಾರ ಅನ್ನೂ ಡ್ರಾಯಿಂಗ್ ಊರಿಗೆಲ್ಲಾ ಹಂಚಿದ್ರೂ ಅದರ ಮ್ಯಾಲೆ ಇಟ್ಟ ಮೆಣಸಿನಕಾಯಿ ಚೀಲ ರೈತಂದ, ಊರಿಂದಲ್ಲ. ನೀ ಬರೆದ ಕೋಡನ್ನ ಕಂಪ್ಯೂಟರಿಗೆ ತಿಳಿಯೂ ಹಂಗ ಮಾಡೂ ಕಂಪೈಲರ್ ಅಂದ್ರ ತಕ್ಕಡಿ, ನಿನ್ನ ಕೋಡ್ ಅಂದ್ರ ಚೀಲ. ಆಪಲ್‌ನವ್ರು 2014ರಾಗ ಸ್ವಿಫ್ಟ್ ಅನ್ನೂ ಭಾಷೆ ತಂದ್ರು, 2015ರ ಡಿಸೆಂಬರ್‌ನಾಗ ಓಪನ್ ಸೋರ್ಸ್ ಮಾಡಿದ್ರು, ಹಂಗಂತ ಐಫೋನಿನ ಐಒಎಸ್ ಕೋಡ್ ಪೂರಾ ನಿನ್ನ ಕೈಗೆ ಬಂತೇನು? ಅವ್ರ ಚೀಲ ಅವ್ರ ಹತ್ರಾನ ಐತಿ.

"ಅದು ಅಪಾಚೆ ಲೈಸೆನ್ಸ್ ರೀ, ಜಿಪಿಎಲ್ ಆದ್ರ?" ಅಂತಾನ ಶಾಣ್ಯಾ ಹುಡುಗ. ಛಲೋ ಕೇಳ್ದಿ. ಅಪಾಚೆ ಅಂದ್ರ ತಿದ್ದಿದ್ದನ್ನ ಮುಚ್ಚಿಟ್ಕೊಂಡ್ರೂ ನಡಿಯೂ ಸಡಿಲ ಲೈಸೆನ್ಸ್, ಜಿಪಿಎಲ್ ಅಂದ್ರ ತಿದ್ದಿ ಹಂಚಿದ್ರ ಕೋಡೂ ಕೊಡು ಅನ್ನೂ ಬಿಗಿ ಲೈಸೆನ್ಸ್. ಜಿಸಿಸಿ ಅನ್ನೂ ಕಂಪೈಲರ್ ಜಿಪಿಎಲ್‌ನಾಗ ಐತಿ, ಆದ್ರೂ ಅದರಾಗ ಕಂಪೈಲ್ ಮಾಡಿದ ಪ್ರೋಗ್ರಾಂ ಮುಚ್ಚಿಟ್ಟು ಮಾರಬಹುದು, ಯಾಕಂದ್ರ ಪ್ರೋಗ್ರಾಂ ಒಳಗ ಸೇರೂ ರನ್‌ಟೈಮ್ ಲೈಬ್ರರಿಗೆ (ಅದು ಓಡಾಕ ಬೇಕಾದ ತಯಾರ್ ಕೋಡಿಗೆ) ಬ್ಯಾರೆ ವಿನಾಯ್ತಿನ ಬರದಿಟ್ಟಾರ. ಸನ್ ಕಂಪನಿ 2006-07ರಾಗ ಜಾವಾನ ಜಿಪಿಎಲ್‌ಗೆ ಹಾಕಿದಾಗೂ ಲೈಬ್ರರಿಗೆ ಇಂಥದ್ದ ವಿನಾಯ್ತಿ ಕೊಟ್ಟಿತ್ತು, ಕ್ಲಾಸ್‌ಪಾತ್ ಎಕ್ಸೆಪ್ಷನ್ ಅಂತಾರ. ಹೌದು, ಜಿಸಿಸಿ ಕಂಪೈಲರನ್ನ ನೀನ ತಿದ್ದಿ ಮಂದಿಗೆ ಹಂಚಿದ್ರ ಆ ತಿದ್ದಿದ್ದನ್ನ ಕೊಡಬೇಕು. ನಿಮ್ಮ ಕ್ಲಾಸಿನಾಗ ಯಾರರೆ ಕಂಪೈಲರ್ ತಿದ್ದಾಕತ್ತಾರೇನು? ಮತ್ತ!

ಇನ್ನ ಲಾಸಿನ ಮಾತು. ಜೆಟ್‌ಬ್ರೇನ್ಸ್ ಕಂಪನಿಯವ್ರು ತಮ್ಮ ಕಾಟ್ಲಿನ್ ಭಾಷೆನ 2012ರಾಗ ಓಪನ್ ಮಾಡಿದ್ರು, 2017ರಾಗ ಗೂಗಲ್ ಅದಕ್ಕ ಆಂಡ್ರಾಯ್ಡ್‌ನಾಗ ಜಾಗಾ ಕೊಡ್ತು. ರೊಕ್ಕ ಜೆಟ್‌ಬ್ರೇನ್ಸ್‌ನವ್ರಿಗೆ ಕೋಡ್ ಬರಿಯೂ ಟೂಲ್ ಮಾರಿ ಬರ್ತೈತಿ, ಭಾಷೆ ಮಾರಿ ಅಲ್ಲ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ: ಮುಚ್ಚಿಟ್ಟ ಭಾಷೆ ಕಂಪನಿಗೆ ಸಾಕಾಗಿ ಹೋದ್ರ ಏನಾಗ್ತೈತಿ? ಡೇಟಾಬೇಸ್ ಪ್ರೋಗ್ರಾಂ ಬರಿಯೂ ಫಾಕ್ಸ್‌ಪ್ರೋ ಭಾಷೆ ನೆನಪೈತೇನ್ರಿ? ಮೈಕ್ರೋಸಾಫ್ಟ್ 1992ರಾಗ ಕೊಂಡ್ಕೊಂಡ್ತು, 2007ರಾಗ ಇನ್ನ ಹೊಸಾ ವರ್ಷನ್ ಇಲ್ಲ ಅಂತು, 2015ಕ್ಕ ಸಪೋರ್ಟೂ ಮುಗೀತು. ಸೋರ್ಸ್ ಹೊರಗಿನವ್ರ ಯಾರ ಕೈಯಾಗೂ ಇಲ್ಲ, ಮುಂದ ನಡಸೂಣು ಅಂದ್ರ ಹೆಂಗ? ಬ್ಯಾಡಗಿ ದಲಾಲಿ ಅಂಗಡಿ ಒಂದ್ರಾಗ ಅದರಾಗ ಬರೆದ ಲೆಕ್ಕ ಮೊನ್ನೆ ಮೊನ್ನೆ ತನಕಾ ನಡದಿತ್ತು, ಹಳೇ ಕಂಪ್ಯೂಟರ್ ಸತ್ತ ಮ್ಯಾಲೆ ನನ್ನ ಕರದ್ರು. ಪುಣ್ಯಾಕ್ಕ ಡೇಟಾ ಇದ್ದದ್ದು ಡಿಬಿಎಫ್ ಅನ್ನೂ ಹಳೇ ಡೇಟಾಬೇಸ್ ನಮೂನಿ ಫೈಲಿನಾಗ, ಎಕ್ಸೆಲ್‌ನಂಥ ಲಿಬ್ರೆಆಫೀಸ್ ಕ್ಯಾಲ್ಕ್‌ನಾಗ ತಗದ್ವಿ. ಅಂಕಿ ಎಲ್ಲಾ ಸರಿ ಬಂದ್ವು, ರೈತರ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದ ಕಿಚಡಿ, ಯಾಕಂದ್ರ ಅವು ಈಗಿನ ಯುನಿಕೋಡ್ ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡ ತೋರಿಸೂ ಹಳೇ ಫಾಂಟಿನವು. ಹಳೇ ಕನ್ನಡ ಫಾಂಟ್ ಹುಡುಕಿ ಹಚ್ಚಿದ ಮ್ಯಾಲೆ ಒಂದೊಂದ ಹೆಸರು ಎದ್ದು ಬಂದ್ವು. ಸಾವ್ಕಾರ್ರು ಚಷ್ಮಾ ಹಾಕ್ಕೊಂಡು ಮೊದಲ ನೋಡಿದ್ದು, ಯಾರ ಬಾಕಿ ಎಷ್ಟೈತಿ ಅಂತ.