ಇಪ್ಪತ್ತು ವಾರ ಅಂದ್ರೆ ಐದು ತಿಂಗಳಲ್ಲ: ಗರ್ಭಪಾತ ಕಾನೂನು ಓದುವಾಗ ನಾನು ಎಡವಿದ ಜಾಗ

ಮೊದಲ ಇಂಟರ್ನಲ್‌ನಲ್ಲಿ ನನಗೆ ಹತ್ತಕ್ಕೆ ನಾಲ್ಕು ಬಂತು. ಪ್ರಶ್ನೆ ಸುಲಭದ್ದೇ: ಭಾರತದಲ್ಲಿ ಗರ್ಭಪಾತ ಯಾವಾಗ ಕಾನೂನುಬದ್ಧ? ಎರಡು ಪುಟ ತುಂಬಿಸಿದ್ದೆ. ಮೇಷ್ಟ್ರು ಎರಡೇ ಕಡೆ ಕೆಂಪು ಗೆರೆ ಎಳೆದಿದ್ದರು. '20 ವಾರದವರೆಗೆ ಗರ್ಭಪಾತ ಹೆಣ್ಣಿನ ಹಕ್ಕು' ಅಂತ ಬರೆದಿದ್ದ ಸಾಲಿಗೆ ಒಂದು. '20 ವಾರ, ಅಂದರೆ ಐದು ತಿಂಗಳು' ಅಂತ ಬರೆದಿದ್ದಕ್ಕೆ ಇನ್ನೊಂದು. ಮೊದಲನೇ ತಪ್ಪು ಹತ್ತು ನಿಮಿಷದಲ್ಲಿ ಅರ್ಥವಾಯಿತು. ಎರಡನೆಯದಕ್ಕೆ ಒಂದು ವಾರ ಹಿಡಿಯಿತು. ಅದೂ ಜಗಳೂರು ಕಡೆ ಆಶಾ ಕಾರ್ಯಕರ್ತೆಯಾಗಿರುವ ನಮ್ಮ ಅತ್ತಿಗೆ ಕೂತು ಹೇಳಿಕೊಟ್ಟ ಮೇಲೆ. ದಾವಣಗೆರೆಯಲ್ಲಿ ನನ್ನ ಹಾಗೆ ಎಲ್‌ಎಲ್‌ಬಿ ಓದುತ್ತಾ ಇದೇ ಪಾಠದಲ್ಲಿ ಸಿಕ್ಕಿಕೊಂಡವರು ಇನ್ನೂ ಇದ್ದೀರಿ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಕ್ಕಾ, ವಿನಾಯಿತಿಯಾ?

ಇದನ್ನು ಬೇಗ ಮುಗಿಸೋಣ. ನಮ್ಮಲ್ಲಿ ಗರ್ಭಪಾತ ಮೂಲದಲ್ಲಿ ಅಪರಾಧ. ಮೊದಲು ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ 312ನೇ ಕಲಂ ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್, ಅಂದರೆ ಭಾರತೀಯ ನ್ಯಾಯ ಸಂಹಿತೆಯ 88 ಆಗಿದೆ. ತಾನೇ ಗರ್ಭಪಾತ ಮಾಡಿಕೊಂಡ ಹೆಂಗಸೂ ಅದರೊಳಗೆ ಬರುತ್ತಾಳೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ, ಈ ಅಪರಾಧದ ಮೇಲೆ ಹಿಡಿದ ಕೊಡೆ ಇದ್ದ ಹಾಗೆ. ಅದರ 3ನೇ ಕಲಂ ನಿಧಾನವಾಗಿ ಓದಿ. 'ವೈದ್ಯರು ತಪ್ಪಿತಸ್ಥರಾಗುವುದಿಲ್ಲ' ಅಂತ ಇದೆ. 'ಮಹಿಳೆಗೆ ಹಕ್ಕಿದೆ' ಅಂತ ಎಲ್ಲೂ ಇಲ್ಲ. ಕದ್ದುಮುಚ್ಚಿ ತೆಗೆಸಿಕೊಳ್ಳಲು ಹೋಗಿ ಹೆಂಗಸರು ಸಾಯುತ್ತಿದ್ದರು, ಅದಕ್ಕೇ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ಕೂತಿತು, ಅದರ ವರದಿಯ ಮೇಲೆ ಈ ಕಾಯ್ದೆ ಬಂತು.

ಹಕ್ಕಿನ ಮಾತು ಬಂದದ್ದು ಕೋರ್ಟಿನಿಂದ. 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆರುವುದು ಬಿಡುವುದು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂದಿತು. 2017ರಲ್ಲಿ ನಮ್ಮ ರಾಜ್ಯದವರೇ ಆದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಬಂದ ಖಾಸಗಿತನದ ತೀರ್ಪು ಅದಕ್ಕೆ ಬಲ ಕೊಟ್ಟಿತು. ಉತ್ತರ ಬರೆಯುವಾಗ ಎರಡೂ ಬರಲಿ: ಕಾಯ್ದೆಯಲ್ಲಿ ವಿನಾಯಿತಿ, ತೀರ್ಪುಗಳಲ್ಲಿ ಹಕ್ಕು. ನಾನು ಒಂದನ್ನೇ ಬರೆದು ಕೆಟ್ಟೆ.

ಮೆಟ್ಟಿಲುಗಳು

2021ರ ತಿದ್ದುಪಡಿ ಆದ ಮೇಲೆ ಹೀಗಿದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ತಾಯಿಯ ಜೀವಕ್ಕೆ ಅಪಾಯ, ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ, ಇಲ್ಲವೇ ಮಗುವಿಗೆ ಗಂಭೀರ ದೋಷ, ಇಷ್ಟರಲ್ಲಿ ಒಂದು ಕಾರಣ ಇರಬೇಕು. ಗರ್ಭನಿರೋಧಕ ಕೈಕೊಟ್ಟು ಬಸಿರಾದರೆ ಮನಸ್ಸಿಗೆ ಹಾನಿಯಾಗಿದೆ ಅಂತ ಎಣಿಸಲು ಕಾನೂನು ಅವಕಾಶ ಕೊಡುತ್ತದೆ. ಮೊದಲು ಅಲ್ಲಿ 'ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ' ಅಂತ ಇತ್ತು. ಈಗ 'ಮಹಿಳೆ ಅಥವಾ ಆಕೆಯ ಸಂಗಾತಿ' ಆಗಿದೆ.

20 ದಾಟಿದರೆ 24ರವರೆಗೆ ಇಬ್ಬರು ವೈದ್ಯರು ಬೇಕು. ಅದೂ ಎಂಟಿಪಿ ನಿಯಮಗಳ 3ಬಿ ಹೆಸರಿಸಿದವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿದ್ದಾಗಲೇ ಗಂಡ ತೀರಿಕೊಂಡವರು ಅಥವಾ ವಿಚ್ಛೇದನ ಆದವರು, ಅಂಗವೈಕಲ್ಯ ಇರುವವರು, ಹೀಗೆ. 24 ದಾಟಿದರೆ ಭ್ರೂಣದಲ್ಲಿ ಗಂಭೀರ ದೋಷ ಇದೆ ಅಂತ ಮೆಡಿಕಲ್ ಬೋರ್ಡ್ ಹೇಳಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದರೆ 5ನೇ ಕಲಂ ಇದೆ, ಅಲ್ಲಿ ವಾರದ ಲೆಕ್ಕವೇ ಬರುವುದಿಲ್ಲ.

2022ರ ಸೆಪ್ಟೆಂಬರ್ 29ರ ತೀರ್ಪು ಬಿಡಬೇಡಿ. ಮದುವೆಯಾಗದ, 22 ವಾರದ ಬಸುರಿ. ಜೊತೆಗಿದ್ದವನು ಬಿಟ್ಟು ಹೋಗಿದ್ದ. ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಒಪ್ಪಿತು, ಮದುವೆಯಾಗಿಲ್ಲ ಅನ್ನುವ ಒಂದೇ ಕಾರಣಕ್ಕೆ 3ಬಿಯಿಂದ ಹೊರಗಿಡುವಂತಿಲ್ಲ ಅಂದಿತು. ಆ ಪೀಠದಲ್ಲಿ ಕೊಡಗಿನ ಎ.ಎಸ್. ಬೋಪಣ್ಣ ಅವರೂ ಇದ್ದರು. ಕಾನೂನು ಕೇಳದ ಗಂಡನ ಸಹಿಯನ್ನೋ ಮನೆಯವರ ಒಪ್ಪಿಗೆಯನ್ನೋ ವೈದ್ಯರು ಕೇಳಬಾರದು ಅನ್ನುವುದೂ ಅದೇ ತೀರ್ಪಿನಲ್ಲಿದೆ. ಪ್ರಾಪ್ತ ವಯಸ್ಸಿನವಳಿಗೆ ಅವಳ ಒಪ್ಪಿಗೆಯೇ ಸಾಕು. ಇದನ್ನು ನಮ್ಮ ಕ್ಲಾಸಿನಲ್ಲಿ ಹೇಳಿದಾಗ ಅರ್ಧ ಜನ ನಂಬಲಿಲ್ಲ.

ವಾರದ ಲೆಕ್ಕ, ಅಂದರೆ ನಾನು ಬಿದ್ದ ಗುಂಡಿ

ಇಲ್ಲಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರಾಗಬೇಡಿ.

ನಾನು ಅಂದುಕೊಂಡಿದ್ದು: ಗರ್ಭ ನಿಂತ ದಿನದಿಂದ ಎಣಿಸುತ್ತಾರೆ, ತಿಂಗಳಿಗೆ ನಾಲ್ಕು ವಾರ, ಹಾಗಾಗಿ 20 ವಾರ ಅಂದರೆ ಐದು ತಿಂಗಳು. ಎರಡೂ ತಪ್ಪು.

ಅತ್ತಿಗೆ ಚೀಲದಿಂದ ಒಂದು ತಾಯಿ ಕಾರ್ಡ್ ತೆಗೆದು, ಹೆಸರಿನ ಮೇಲೆ ಅಂಗೈ ಇಟ್ಟುಕೊಂಡು, ಒಂದೇ ಕಾಲಂ ತೋರಿಸಿದರು. ಕೊನೆಯ ಮುಟ್ಟಿನ ಮೊದಲ ದಿನ. "ಇದೊಂದು ಸರಿಯಾಗಿ ಬರೆದ್ರೆ ಉಳಿದಿದ್ದೆಲ್ಲಾ ತಾನೇ ಬರ್ತೈತೆ" ಅಂದರು. ಆದರೆ ಅದನ್ನು ಕೇಳಿ ಬರೆಸಿಕೊಳ್ಳುವುದೇ ಕಷ್ಟವಂತೆ. ತಾರೀಖು ಯಾರೂ ಹೇಳುವುದಿಲ್ಲ.

"ಕೊನೇ ಸಲ ಹೊರಗಾಗಿದ್ದು ಯಾವಾಗವ್ವಾ?"

"ಕಾರುಣ್ಣಿಮೆ ಆಗಿ ಎರಡು ದಿನಕ್ಕೆ ಕಣಕ್ಕಾ. ಎತ್ತಿನ ಕೊಂಬಿನ ಬಣ್ಣ ಇನ್ನೂ ಹೋಗಿರ್ಲಿಲ್ಲ."

ಆಮೇಲೆ ಕ್ಯಾಲೆಂಡರ್ ತಿರುವಿ ಹಾಕಬೇಕು. ಆ ಕಾರ್ಡಿನಲ್ಲಿ ಅತ್ತಿಗೆ ಬರೆದಿದ್ದು 2024ರ ಜೂನ್ 24. ಅದನ್ನೇ ಹಿಡಿದು ಲೆಕ್ಕ ಮಾಡೋಣ.

ಹೆರಿಗೆ ದಿನಕ್ಕೆ ಅತ್ತಿಗೆಯ ಸೂತ್ರ: ಒಂಬತ್ತು ತಿಂಗಳು ಮುಂದೆ ಹೋಗಿ, ಏಳು ದಿನ ಸೇರಿಸು. ಜೂನ್ 24ಕ್ಕೆ ಒಂಬತ್ತು ತಿಂಗಳು ಅಂದರೆ ಮಾರ್ಚ್ 24, ಏಳು ಸೇರಿಸಿದರೆ ಮಾರ್ಚ್ 31. ಬೆರಳಲ್ಲಿ ಎಣಿಸಿ ನೋಡಿದೆ. ಸರಿಯಾಗಿ 280 ದಿನ, ಅಂದರೆ 40 ವಾರ.

ಈಗ ಸಿಕ್ಕು. ಜೂನ್ 24ರಂದು ಆಕೆ ಬಸುರಿಯೇ ಅಲ್ಲ, ಅವತ್ತು ಮುಟ್ಟಾಗಿದ್ದಾಳೆ! 28 ದಿನದ ಚಕ್ರ ಇರುವವರಿಗೆ ಅಂಡ ಹೊರಬರುವುದು ಸುಮಾರು ಎರಡು ವಾರ ಆದ ಮೇಲೆ. ಅಂದರೆ ಗರ್ಭ ನಿಂತಿದ್ದು ಹೆಚ್ಚುಕಡಿಮೆ ಜುಲೈ 8ಕ್ಕೆ. ಆದರೂ ವೈದ್ಯರು ಜೂನ್ 24ರಿಂದಲೇ ಎಣಿಸುತ್ತಾರೆ. ಯಾಕೆ? ಗರ್ಭ ನಿಂತ ದಿನ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ, ಮುಟ್ಟಿನ ದಿನ ಹೇಗೋ ನೆನಪಿರುತ್ತದೆ, ಎತ್ತಿನ ಕೊಂಬಿನ ಬಣ್ಣ ನೋಡಿಯಾದರೂ. ಹಾಗಾಗಿ ಬಸಿರೇ ಇಲ್ಲದ ಎರಡು ವಾರ ಬಸಿರಿನ ಲೆಕ್ಕದಲ್ಲಿ ಸೇರಿಕೊಂಡಿರುತ್ತವೆ. ಪುಸ್ತಕದಲ್ಲಿ ಈ ಒಂದು ವಾಕ್ಯ ನನಗೆ ಸಿಕ್ಕಿದ್ದರೆ ಆರು ಮಾರ್ಕು ಉಳಿಯುತ್ತಿತ್ತು.

ಈ ಹೆಂಗಸಿನ 20 ವಾರ, ಅಂದರೆ 140 ದಿನ, ಮುಗಿಯುವುದು ನವೆಂಬರ್ 11ಕ್ಕೆ. ನನ್ನ ತಪ್ಪು ಲೆಕ್ಕದಲ್ಲಿ, ಜುಲೈ 8ರಿಂದ ಎಣಿಸಿದರೆ, ನವೆಂಬರ್ 25. ಹದಿನಾಲ್ಕು ದಿನ ವ್ಯತ್ಯಾಸ. 'ಇನ್ನೂ ಟೈಮ್ ಇದೆ' ಅಂತ ನನ್ನಂಥ ವಕೀಲೆ ಹೇಳಿ ಕಳಿಸಿದರೆ ಆಕೆಗೆ ಒಬ್ಬ ವೈದ್ಯರ ಬಾಗಿಲು ಮುಚ್ಚಿಹೋಗಿರುತ್ತದೆ.

ಇನ್ನು ತಿಂಗಳ ಮಾತು. ಫೆಬ್ರವರಿ ಬಿಟ್ಟರೆ ಯಾವ ತಿಂಗಳೂ ನಾಲ್ಕು ವಾರಕ್ಕೆ ಮುಗಿಯುವುದಿಲ್ಲ, ಎರಡು ಮೂರು ದಿನ ಮೇಲಿರುತ್ತದೆ. ಜೂನ್ 24ರಿಂದ ಐದು ತಿಂಗಳು ತುಂಬುವುದು ನವೆಂಬರ್ 24ಕ್ಕೆ. ಅಷ್ಟೊತ್ತಿಗೆ 153 ದಿನ, 21 ವಾರ 6 ದಿನ. ಅಂದರೆ 'ಐದು ತಿಂಗಳು' ಅಂದಾಗಲೇ 20 ವಾರ ದಾಟಿ ಹೋಗಿದೆ. 24 ವಾರ ತುಂಬುವುದು ಡಿಸೆಂಬರ್ 9ಕ್ಕೆ, ಐದೂವರೆ ತಿಂಗಳು. ನನ್ನ ಶಾರ್ಟ್‌ಕಟ್ ಇಷ್ಟೇ: ನಾಲ್ಕೂವರೆ, ಐದೂವರೆ. 20 ವಾರಕ್ಕೆ ನಾಲ್ಕೂವರೆ ತಿಂಗಳು, ಇನ್ನು ಮೂರ್ನಾಲ್ಕು ದಿನ. 24ಕ್ಕೆ ಐದೂವರೆ. ಪರೀಕ್ಷೆ ಹಾಲ್‌ನಲ್ಲಿ ಅಂಗೈ ಮೇಲೆ ಬರೆದುಕೊಳ್ಳುವಂತಿಲ್ಲ, ಬಾಯಲ್ಲಿ ಹೇಳಿಕೊಳ್ಳಿ.

ಇನ್ನೂ ಒಂದು ಎಡವಟ್ಟಿದೆ. ಹಳ್ಳಿಯಲ್ಲಿ "ಆರು ತಿಂಗಳು" ಅಂದರೆ ಎರಡು ಅರ್ಥ. ಆರು ತುಂಬಿರಬಹುದು, ಇಲ್ಲಾ "ಐದು ತುಂಬಿ ಆರಕ್ಕೆ ಬಿದ್ದೈತೆ" ಅಂತಲೂ ಇರಬಹುದು. ನಡುವೆ ಒಂದು ತಿಂಗಳಿದೆ, ಕಾನೂನಿನಲ್ಲಿ ಒಂದು ಪೂರ್ತಿ ಮೆಟ್ಟಿಲೇ ಇದೆ. ಮುಟ್ಟಿನ ದಿನ ನೆನಪಿಲ್ಲದಿದ್ದರೆ ಸ್ಕ್ಯಾನ್ ನೋಡಿ ಹೇಳುತ್ತಾರೆ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನ್ ಹೆಚ್ಚು ನಂಬಿಕಸ್ಥ, ತಡವಾದಷ್ಟೂ ಆಚೀಚೆ ಆಗುತ್ತದೆ.

ಮುಟ್ಟೇ ಆಗದವಳ ಲೆಕ್ಕ

ಸುಪ್ರೀಂ ಕೋರ್ಟ್‌ನ 2023ರ ಅಕ್ಟೋಬರ್ ಪ್ರಕರಣ ಓದುವಾಗ ಈ ಕಾಲಂ ಮತ್ತೆ ನೆನಪಾಯಿತು. ಎರಡು ಮಕ್ಕಳ ತಾಯಿ, ಎರಡನೇ ಹೆರಿಗೆ ಆದ ಮೇಲೆ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಳು. ಹಾಲೂಡಿಸುತ್ತಿದ್ದರಿಂದ ಮುಟ್ಟು ಬಂದಿರಲಿಲ್ಲ. ಬಸಿರು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಅಕ್ಟೋಬರ್ 9ರಂದು ಹಿಮಾ ಕೊಹ್ಲಿ ಮತ್ತು ನಮ್ಮ ಬಿ.ವಿ. ನಾಗರತ್ನ ಅವರ ಪೀಠ ಅನುಮತಿ ಕೊಟ್ಟಿತು. ಮಗು ಬದುಕುವ ಸಾಧ್ಯತೆ ಇದೆ ಅಂತ ಏಮ್ಸ್ ವೈದ್ಯರು ತಿಳಿಸಿದ ಮೇಲೆ, 11ರಂದು ಇಬ್ಬರೂ ಬೇರೆ ಬೇರೆಯಾದರು. ನಾಗರತ್ನ ಅವರು ಮೊದಲಿನ ಆದೇಶಕ್ಕೇ ನಿಂತರು. 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು: 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯ ಇಲ್ಲ, ಭ್ರೂಣದಲ್ಲಿ ದೋಷ ಇಲ್ಲ. ಕಾಯ್ದೆಯ ಅಕ್ಷರ ಹಿಡಿದರೆ ತೀರ್ಪು ಸರಿಯೇ. ಆದರೂ ನನಗೆ ನಾಗರತ್ನ ಅವರ ಕಡೆಗೇ ಮನಸ್ಸು ವಾಲುತ್ತದೆ.

ಅತ್ತಿಗೆಗೆ ಇದನ್ನು ಹೇಳಿದರೆ ಆಶ್ಚರ್ಯವೇ ಆಗಲಿಲ್ಲ. ಹಾಲೂಡಿಸುವಾಗ ಬಸಿರಾಗಲ್ಲ ಅನ್ನುವ ನಂಬಿಕೆ ಮನೆ ಮನೆಯಲ್ಲಿದೆಯಂತೆ. ಅದು ಅರ್ಧ ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ನೆಚ್ಚಿಕೊಳ್ಳುವಂತಿಲ್ಲ.

ಪ್ರೊ-ಲೈಫ್‌ನವರು ಎಲ್ಲಿಂದ ಎಣಿಸುತ್ತಾರೆ?

ಸಿಲಬಸ್‌ನಲ್ಲಿ ಗರ್ಭಪಾತ, ಗರ್ಭನಿರೋಧ, ಕ್ಲೋನಿಂಗ್ ಮೂರನ್ನೂ ಒಂದೇ ಯೂನಿಟ್‌ಗೆ ಯಾಕೆ ತುರುಕಿದ್ದಾರೆ ಅಂತ ಬೈದುಕೊಳ್ಳುತ್ತಿದ್ದೆ. ಈಗ ತಿಳಿಯಿತು. ಮೂರೂ ಕಡೆ ಜಗಳ ಎಣಿಕೆ ಎಲ್ಲಿಂದ ಶುರು ಅನ್ನುವುದರ ಮೇಲೆ.

ಪ್ರೊ-ಲೈಫ್, ಅಂದರೆ ಗರ್ಭಪಾತ ಬೇಡ ಅನ್ನುವ ಹೋರಾಟದವರ ವಾದ ಹೀಗೆ: ಅಂಡ ವೀರ್ಯ ಕೂಡಿದ ಕ್ಷಣದಿಂದಲೇ ಅದು ಮನುಷ್ಯ ಜೀವ. 20, 24 ಅಂತ ಆಮೇಲೆ ಎಳೆಯುವ ಗೆರೆಯೆಲ್ಲಾ ನಮ್ಮ ಅನುಕೂಲಕ್ಕೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ನಮ್ಮದೇ ಕಾಯ್ದೆಯ ಮೇಲ್ಮಿತಿ 2021ರಲ್ಲಿ 20ರಿಂದ 24ಕ್ಕೆ ಜರುಗಿದೆ, ಗೆರೆ ಜರುಗುತ್ತದೆ ಅನ್ನುವುದು ಸುಳ್ಳಲ್ಲ. ಎದುರಿನವರ ಉತ್ತರ: ನಿಮ್ಮ ಗೆರೆಯೂ ಅಷ್ಟು ಚೊಕ್ಕ ಇಲ್ಲ, ಕೂಡಿದ ಅಂಡಗಳಲ್ಲಿ ಎಷ್ಟೋ ಗರ್ಭಕೋಶಕ್ಕೆ ಅಂಟದೆ ತಾವಾಗೇ ಹೋಗಿಬಿಡುತ್ತವೆ, ಮತ್ತು ಆ ಜೀವ ಇರುವುದು ಇನ್ನೊಬ್ಬಳ ದೇಹದೊಳಗೆ.

ಅಮೆರಿಕದಲ್ಲಿ 1973ರ ರೋ ತೀರ್ಪು ಗರ್ಭಪಾತವನ್ನು ಸಂವಿಧಾನದ ಹಕ್ಕು ಅಂದಿತ್ತು. ಅದರ ವಿರುದ್ಧ 1974ರಿಂದ ಜನವರಿ ಚಳಿಯಲ್ಲಿ ವಾಷಿಂಗ್ಟನ್‌ನಲ್ಲಿ ಮೆರವಣಿಗೆ ನಡೆಸುತ್ತಾ ಬಂದರು. 2022ರ ಜೂನ್ 24ರ ಡಾಬ್ಸ್ ತೀರ್ಪು ರೋ ಅನ್ನು ರದ್ದು ಮಾಡಿ, ವಿಷಯವನ್ನು ರಾಜ್ಯಗಳ ಕೈಗೆ ಬಿಟ್ಟಿತು. ಐರ್ಲೆಂಡ್‌ನದು ಉಲ್ಟಾ. 1983ರಲ್ಲಿ ಸಂವಿಧಾನಕ್ಕೇ ಹುಟ್ಟದ ಮಗುವಿನ ಜೀವದ ಹಕ್ಕು ಸೇರಿಸಿದ್ದರು. 2012ರಲ್ಲಿ ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ್ ಅಲ್ಲಿನ ಗಾಲ್ವೇ ಆಸ್ಪತ್ರೆಯಲ್ಲಿ, 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇದೆ ಅಂತ ತೆಗೆಯದೆ ಬಿಟ್ಟಿದ್ದರಿಂದ ನಂಜೇರಿ ತೀರಿಕೊಂಡರು. 2018ರ ಮೇ ತಿಂಗಳ ಜನಮತದಲ್ಲಿ ಶೇ 66ರಷ್ಟು ಜನ ಆ ತಿದ್ದುಪಡಿ ತೆಗೆಯಿರಿ ಅಂದರು. ನಮ್ಮ 5ನೇ ಕಲಂ ಯಾಕಿದೆ ಅಂತ ಕೇಳಿದರೆ ನಾನು ಈ ಪ್ರಕರಣವನ್ನೇ ಬರೆಯುತ್ತೇನೆ.

ನಮ್ಮಲ್ಲಿ ಗೊಂದಲ ಬೇರೆ ತರಹದ್ದು. ಸ್ಕ್ಯಾನಿಂಗ್ ಸೆಂಟರ್ ಗೋಡೆಯ ಮೇಲಿನ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಬೋರ್ಡ್ ನೋಡಿ ಗರ್ಭಪಾತವೇ ಅಪರಾಧ ಅಂದುಕೊಂಡವರು ಬಹಳ. ಅದು 1994ರ ಪಿಸಿಪಿಎನ್‌ಡಿಟಿ ಕಾಯ್ದೆ, ಲಿಂಗ ಪತ್ತೆಗೆ ಸಂಬಂಧಿಸಿದ್ದು. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟು ದಂಧೆ ನಡೆಸಿದ್ದು ಬಯಲಾಯಿತಲ್ಲ, ಅದು ಈ ಕಾಯ್ದೆಯಡಿ ಬರುತ್ತದೆ. ಎರಡನ್ನೂ ಕಲಸಬೇಡಿ.

ವಂಕಿ, ಮಾತ್ರೆ

ಗರ್ಭನಿರೋಧದ ಜಗಳ ಸಣ್ಣ ಕಿಂಡಿಯಲ್ಲಿದೆ. ಅಂಡ ಕೂಡಿದ ಮೇಲೆ ಗರ್ಭಕೋಶಕ್ಕೆ ಅಂಟಲು ಸುಮಾರು ಒಂದು ವಾರ ಬೇಕು. ವೈದ್ಯರು ಅಂಟಿದ ಮೇಲೆ ಬಸಿರು ಅನ್ನುತ್ತಾರೆ. ಪ್ರೊ-ಲೈಫ್‌ನವರು ಕೂಡಿದಾಗಲೇ ಜೀವ ಅನ್ನುತ್ತಾರೆ. ಆ ಒಂದು ವಾರದಲ್ಲಿ ಏನಾದರೂ ತಡೆದರೆ ಅದು ನಿರೋಧವೋ ಗರ್ಭಪಾತವೋ? ವಂಕಿ, ಅಂದರೆ ಕಾಪರ್-ಟಿ, ಮುಖ್ಯವಾಗಿ ವೀರ್ಯಾಣುವನ್ನು ಕೆಡಿಸುತ್ತದೆ. 72 ಗಂಟೆಯೊಳಗೆ ನುಂಗುವ ಮಾತ್ರೆ ಮುಖ್ಯವಾಗಿ ಅಂಡ ಬಿಡುವುದನ್ನು ಮುಂದೂಡುತ್ತದೆ. 'ಅಂಟುವುದನ್ನು ತಡೆದರೆ?' ಅನ್ನುವ ಆಕ್ಷೇಪವನ್ನೇ ಹಿಡಿದು ನೌಕರರ ವಿಮೆಯಲ್ಲಿ ಇಂಥವಕ್ಕೆ ದುಡ್ಡು ಕೊಡಲ್ಲ ಅಂತ 2014ರಲ್ಲಿ ಅಮೆರಿಕದ ಹಾಬಿ ಲಾಬಿ ಕಂಪನಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದಿತು. ಕ್ಯಾಥೊಲಿಕ್ ಚರ್ಚ್ ಇನ್ನೂ ಮುಂದೆ ಹೋಗಿ 1968ರಲ್ಲೇ ಕೃತಕ ಗರ್ಭನಿರೋಧವೇ ಬೇಡ ಅಂದಿದೆ. ಅತ್ತ ನಮ್ಮ ಹಳೇ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಗರ್ಭನಿರೋಧ ಕ್ಲಿನಿಕ್ ತೆರೆದಿತ್ತು. ಚಿತ್ರದುರ್ಗ, ದಾವಣಗೆರೆ ಆಗ ಅದೇ ಸಂಸ್ಥಾನದಲ್ಲಿದ್ದವು.

ಡಾಲಿ

ಕ್ಲೋನಿಂಗ್ ಎರಡು ಮಾರ್ಕಿನದು. 1996ರ ಜುಲೈ 5ರಂದು ಸ್ಕಾಟ್ಲೆಂಡ್‌ನಲ್ಲಿ ಡಾಲಿ ಕುರಿ ಹುಟ್ಟಿತು. ದೊಡ್ಡ ಕುರಿಯ ಕೆಚ್ಚಲಿನ ಜೀವಕೋಶ, ಇನ್ನೊಂದು ಕುರಿಯ ಖಾಲಿ ಮಾಡಿದ ಅಂಡ, ಮೂರನೇ ಕುರಿಯ ಗರ್ಭ. 277 ಪ್ರಯತ್ನಕ್ಕೆ ಒಂದು ಮರಿ. ಟಗರು ಬೇಕೇ ಆಗಲಿಲ್ಲ. ಇಲ್ಲೇ 'ಅಂಡ ವೀರ್ಯ ಕೂಡಿದ ಕ್ಷಣ' ಅನ್ನುವ ಗೆರೆ ಕೈಕೊಡುತ್ತದೆ, ಏಕೆಂದರೆ ಆ ಕ್ಷಣವೇ ಇಲ್ಲ. ಹೇಗೆ ಹುಟ್ಟಿಸಿದರೂ ಭ್ರೂಣ ಭ್ರೂಣವೇ, ಅದನ್ನು ಸಂಶೋಧನೆಗೆ ಬಳಸಿ ಎಸೆಯಬಾರದು ಅನ್ನುವುದು ಪ್ರೊ-ಲೈಫ್‌ನವರ ನಿಲುವು. ಬಹಳ ದೇಶಗಳಲ್ಲಿ ವಿಜ್ಞಾನಿಗಳಿಗೆ ಬೇರೆ ಗೆರೆ ಇದೆ: ಲ್ಯಾಬಿನಲ್ಲಿ ಭ್ರೂಣವನ್ನು 14 ದಿನ ಮೀರಿ ಬೆಳೆಸುವಂತಿಲ್ಲ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ, ಮನುಷ್ಯರ ಕ್ಲೋನಿಂಗ್ ಬೇಡ ಅನ್ನುತ್ತದೆ. ಪ್ರಾಣಿಗಳಲ್ಲಿ ಮಾಡಬಹುದು, 2009ರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಗರಿಮಾ ಎಂಬ ಎಮ್ಮೆ ಕರು ಹುಟ್ಟಿದೆ.

ಇದನ್ನೆಲ್ಲಾ ಅತ್ತಿಗೆಗೆ ಓದಿ ಹೇಳಿದೆ. ಅವರು ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾ ಕೇಳಿದರು: "ಹಂಗಾದ್ರೆ ಆ ಕುರಿಗೆ ಕಾರ್ಡ್ ಮಾಡಿದ್ರೆ, ಈ ಕಾಲಮ್ಮಲ್ಲಿ ಯಾರ ತಾರೀಖು ಬರೀಬೇಕೇ?"