ಕಂಪಾಸ್ ಕೇಸ್: ಇಬ್ಬರ ಲೆಕ್ಕವೂ ಸರಿ ಆಗೋದು ಹೇಗೆ?

ಕಂಪಾಸ್ ಅಂದರೆ ಅಮೆರಿಕದ ಕೆಲವು ಕೋರ್ಟುಗಳು ಬಳಸಿದ ಸಾಫ್ಟ್‌ವೇರ್. ಆರೋಪಿ ಮುಂದೆ ಮತ್ತೆ ಅಪರಾಧ ಮಾಡುತ್ತಾನಾ ಅಂತ ಅಂದಾಜಿಸಿ 1ರಿಂದ 10ರವರೆಗೆ ಅಂಕ ಕೊಡುತ್ತದೆ. ಅದರ ಹಿಂದೆ 137 ಪ್ರಶ್ನೆಗಳಿವೆ. ಜನಾಂಗದ ಪ್ರಶ್ನೆ ಅದರಲ್ಲಿಲ್ಲ.

2016ರಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಫ್ಲೋರಿಡಾದ ಬ್ರೊವಾರ್ಡ್ ಕೌಂಟಿಯ 7,000ಕ್ಕೂ ಹೆಚ್ಚು ಜನರ ಅಂಕ ತೆಗೆದು ನೋಡಿತು. 2 ವರ್ಷ ಯಾವ ಹೊಸ ಕೇಸೂ ಇಲ್ಲದವರಲ್ಲಿ, ಯಂತ್ರ ಸುಮ್ನೆ ‘ಅಪಾಯ ಜಾಸ್ತಿ’ ಅಂದಿದ್ದು ಕಪ್ಪು ಜನರಲ್ಲಿ ಸುಮಾರು ಶೇ. 45, ಬಿಳಿಯರಲ್ಲಿ ಶೇ. 23ರಷ್ಟು ಮಂದಿಗೆ. ಇದು ತಾರತಮ್ಯ ಅಂತ ಬರೆದರು. ತಯಾರಕ ಕಂಪನಿ ನಾರ್ತ್‌ಪಾಯಿಂಟ್ ಒಪ್ಪಲಿಲ್ಲ. ‘ಅಪಾಯ ಜಾಸ್ತಿ’ ಅನ್ನಿಸಿಕೊಂಡವರಲ್ಲಿ ನಿಜಕ್ಕೂ ಮತ್ತೆ ಸಿಕ್ಕಿಬಿದ್ದವರು ಎರಡೂ ಕಡೆ ಶೇ. 60ರ ಆಸುಪಾಸು, ತಾರತಮ್ಯ ಎಲ್ಲಿದೆ ಅಂತ ಕೇಳಿತು.

ಎರಡೂ ಲೆಕ್ಕ ಸರಿ. ತಲೆ ಕೆಡುವುದು ಇಲ್ಲೇ, ಅಲ್ವಾ? ಪೆನ್ನು ತಗೊಂಡು ಊಹೆಯ ಅಂಕಿಗಳಲ್ಲಿ ಮಾಡಿ ನೋಡಿ.

‘ಅ’ ಗುಂಪು: 100 ಜನ. ಮತ್ತೆ ಸಿಕ್ಕಿಬಿದ್ದವರು 50. ಯಂತ್ರ 60 ಜನರನ್ನು ಅಪಾಯಕಾರಿ ಅಂದಿತು. ಅವರಲ್ಲಿ 36 ಸರಿ, 24 ತಪ್ಪು.
‘ಬ’ ಗುಂಪು: 100 ಜನ. ಸಿಕ್ಕಿಬಿದ್ದವರು 20. ಯಂತ್ರ ಅಪಾಯಕಾರಿ ಅಂದಿದ್ದು 20 ಜನರನ್ನು. 12 ಸರಿ, 8 ತಪ್ಪು.

ಕಂಪನಿಯ ಛೇದ ‘ಅಪಾಯಕಾರಿ ಅನ್ನಿಸಿಕೊಂಡವರು’. 60ಕ್ಕೆ 36, 20ಕ್ಕೆ 12. ಎರಡೂ ಶೇ. 60. ಪತ್ರಕರ್ತರ ಛೇದ ‘ಏನೂ ಮಾಡದ ಜನ’. ‘ಅ’ದಲ್ಲಿ ಅಂಥವರು 50, ಅವರಲ್ಲಿ ಹಣೆಪಟ್ಟಿ ಬಿದ್ದದ್ದು 24 ಮಂದಿಗೆ: ಶೇ. 48. ‘ಬ’ದಲ್ಲಿ ಅಂಥವರು 80, ಹಣೆಪಟ್ಟಿ 8 ಮಂದಿಗೆ: ಶೇ. 10. ಯಂತ್ರ ಒಂದೇ, ಜನ ಅವರೇ, ಛೇದ ಮಾತ್ರ ಬೇರೆ. ಶೇಕಡಾ ಕಂಡ ಕೂಡಲೇ ‘ಯಾರಲ್ಲಿ?’ ಅಂತ ಕೇಳಿಕೊಳ್ಳಿ, ಅರ್ಧ ಗೊಂದಲ ಹೋಗುತ್ತದೆ.

ಮೂಲ ಪ್ರಮಾಣ (ಇಲ್ಲಿ 50 ಮತ್ತು 20) ಬೇರೆಬೇರೆ ಇದ್ದು, ಯಂತ್ರ ಅಲ್ಲಲ್ಲಿ ತಪ್ಪುವುದಾದರೆ, ಈ ಎರಡು ಬಗೆಯ ಸಮಾನತೆಯ ಜೊತೆಗೆ, ಮತ್ತೆ ಸಿಕ್ಕಿಬಿದ್ದವರಲ್ಲಿ ಯಂತ್ರ ಗುರುತಿಸದೆ ಬಿಟ್ಟವರ ಪಾಲೂ ಸಮ ಇರಬೇಕು ಅಂದರೆ, ಮೂರೂ ಒಟ್ಟಿಗೆ ಸಿಗುವುದಿಲ್ಲ. ಸಂಶೋಧಕರಾದ ಕ್ಲೈನ್‌ಬರ್ಗ್ ಮತ್ತು ಸಂಗಡಿಗರು ಒಂದು ಕಡೆ, ಚೌಲ್ಡೆಚೋವಾ ಇನ್ನೊಂದು ಕಡೆ ಇದನ್ನು ಗಣಿತದಿಂದಲೇ ತೋರಿಸಿದರು. ಹಾಗಾಗಿ ಯಾವುದಕ್ಕೆ ಮೊದಲ ಸ್ಥಾನ ಅಂತ ಆರಿಸಲೇಬೇಕು. ಜೈಲಿನ ವಿಷಯದಲ್ಲಿ ನನ್ನ ಆಯ್ಕೆ ಏನೂ ಮಾಡದವರ ಪರ. ಆ 24 ಜನರ ಸ್ವಾತಂತ್ರ್ಯಕ್ಕಿಂತ ಯಂತ್ರದ ನಿಖರತೆ ದೊಡ್ಡದಲ್ಲ.

ಆ 50, 20 ಕೂಡ ಶುದ್ಧ ಅಂಕಿಗಳಲ್ಲ. ಡೇಟಾದಲ್ಲಿ ಇರುವುದು ಅಪರಾಧ ಅಲ್ಲ, ಪೊಲೀಸರ ಕೈಗೆ ಸಿಕ್ಕಿದ್ದು. ಗಸ್ತು ಜಾಸ್ತಿ ಇರುವ ಬೀದಿಯಲ್ಲಿ ಕೇಸೂ ಜಾಸ್ತಿ.

2016ರಲ್ಲೇ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಕಂಪಾಸ್ ಬಳಕೆಗೆ ಒಪ್ಪಿತು. ಅಂಕವನ್ನೇ ನೆಚ್ಚಿ ಶಿಕ್ಷೆ ಕೊಡುವಂತಿಲ್ಲ, ವರದಿಯಲ್ಲಿ ಎಚ್ಚರಿಕೆ ಬರೆದಿರಬೇಕು ಅಂತಲೂ ಹೇಳಿತು. ಲೆಕ್ಕದ ಸೂತ್ರ ಮಾತ್ರ ಕಂಪನಿಯ ವ್ಯಾಪಾರ ಗುಟ್ಟಾಗಿಯೇ ಉಳಿಯಿತು.