ಎಸಿ ಹೊರಗಿನ ಗಾಳಿ ತರುತ್ತೆ ಅಂತ ಯಾರು ಹೇಳಿದ್ದು?

ಪ್ರಶ್ನೆ: ನಮ್ಮದು ಸಾವಿರ ಚದರಡಿ ಆಫೀಸು, ಇಪ್ಪತ್ತು ಜನ. ಎರಡು ಸ್ಪ್ಲಿಟ್ ಎಸಿ ಇವೆ. ಆದರೂ ಮಧ್ಯಾಹ್ನ ಎಲ್ಲರಿಗೂ ತಲೆಭಾರ, ಆಕಳಿಕೆ. ಇನ್ನೊಂದು ಎಸಿ ಹಾಕಿಸಬೇಕಾ?

ಬೇಡ. ಮೊದಲು ಕಿಟಕಿ ತೆಗೆಯಿರಿ. ಆಕಳಿಕೆಯಲ್ಲಿ ಅನ್ನ ಸಾರಿನ ಪಾಲೂ ಇರಬಹುದು, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಇದೇ ಉತ್ತರ ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಒಂದೇ ವಾದ: "ಒಂದು ಡಬ್ಬ ಹೊರಗಡೆ ಇದೆಯಲ್ಲ ಸಾರ್, ಅದು ಗಾಳಿ ಎಳ್ಕೊಂಡು ಒಳಗೆ ಕಳಿಸುತ್ತೆ." ಇಲ್ಲ ಮಾರಾಯ್ರೇ, ಕಳಿಸಲ್ಲ! ಎಸಿ ಹಿಂದೆ ಗೋಡೆಯ ತೂತು ನೋಡಿ. ಕಪ್ಪು ಫೋಮ್ ಸುತ್ತಿದ ಎರಡು ತಾಮ್ರದ ಪೈಪು, ಒಂದು ದಪ್ಪ, ಒಂದು ಸಣ್ಣ. ಜೊತೆಗೆ ವೈರು, ನೀರು ಹೋಗುವ ಪೈಪು. ತಾಮ್ರದ ಪೈಪಿನಲ್ಲಿ ಓಡುವುದು ಗ್ಯಾಸು. ಒಳಗಿನ ಬಿಸಿಯನ್ನು ಅದು ಹೊತ್ತುಕೊಂಡು ಹೋಗಿ ಹೊರಗೆ ಬಿಡುತ್ತದೆ. ಹೊರಗಿನ ಫ್ಯಾನು ಬೀಸುವ ಬಿಸಿಗಾಳಿ ಹೊರಗಿನದೇ. ಒಳಗಿನ ಫ್ಯಾನು ತಿರುಗಿಸುವುದು ಒಳಗಿನ ಗಾಳಿಯನ್ನೇ. ಬೆಳಗ್ಗೆ ನೀವು ಬಿಟ್ಟ ಉಸಿರು ಸಂಜೆವರೆಗೂ ತಣ್ಣಗಾಗಿ ಸುತ್ತುತ್ತಿರುತ್ತದೆ, ಅಷ್ಟೇ.

ನಂಬಿಕೆ ಬರಲಿಲ್ವಾ? ಎಲ್ಲ ಮುಚ್ಚಿ, ಎಸಿ ಹಾಕಿ, ಒಂದು ಊದುಬತ್ತಿ ಹಚ್ಚಿ. ಬತ್ತಿ ಮುಗಿದು ಎಷ್ಟೋ ಹೊತ್ತಾದರೂ ಘಮ ಅಲ್ಲೇ ಇರುತ್ತದೆ. ಇನ್ನೆರಡು ಎಸಿ ಹಾಕಿಸಿದರೂ ಅಷ್ಟೇ.

ಹಾಗಾದರೆ ಎಷ್ಟು ಗಾಳಿ ಬೇಕು? ಎಸಿ ಡಿಸೈನ್ ಮಾಡುವವರ ಕೈಯಲ್ಲಿರುವ ಆಶ್ರೇ (ಅಮೆರಿಕದ ಎಸಿ ಎಂಜಿನಿಯರುಗಳ ಸಂಘ) 62.1 ಮಾನದಂಡದಲ್ಲಿ ಆಫೀಸಿನ ಲೆಕ್ಕ ಸುಲಭ. ತಲೆಗೆ 5 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 5 ಘನ ಅಡಿ. ಜೊತೆಗೆ ಚದರಡಿಗೆ 0.06. ಜನರಷ್ಟೇ ಅಲ್ಲ, ಕಾರ್ಪೆಟ್ಟು, ಪೇಂಟು, ಪ್ಲೈವುಡ್ಡು ಕೂಡ ಗಾಳಿ ಕೆಡಿಸುತ್ತವೆ, ಅದಕ್ಕೆ ಎರಡನೇ ಲೆಕ್ಕ. ನಿಮಗೆ 100 ಮತ್ತು 60, ಒಟ್ಟು 160 ಸಿಎಫ್‌ಎಂ. ಹತ್ತಡಿ ಎತ್ತರದ ಕೋಣೆಯಾದರೆ, ಗಂಟೆಗೊಮ್ಮೆ ಕೋಣೆ ತುಂಬುವಷ್ಟು ಹೊರಗಿನ ಗಾಳಿ.

ಈ ಅಂಕಿ ಆಕಾಶದಿಂದ ಇಳಿದದ್ದಲ್ಲ. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ನಂತರ ಕರೆಂಟು ಉಳಿಸಲು 1981ರಲ್ಲಿ, ಆಶ್ರೇಯವರು ಸಿಗರೇಟು ಸೇದದ ಆಫೀಸಿಗೆ ತಲೆಗೆ ಬರೀ 5 ಅಂದರು. ಕಟ್ಟಡದೊಳಗೆ ಜನರಿಗೆ ತಲೆನೋವು, ಕಣ್ಣುರಿ ಅನ್ನುವ ದೂರುಗಳು ಜಾಸ್ತಿಯಾದವು. 1989ರಲ್ಲಿ 20ಕ್ಕೆ ಏರಿಸಿದರು. ಜನ, ಜಾಗ ಬೇರೆಬೇರೆ ಎಣಿಸುವ ಈಗಿನ ಲೆಕ್ಕ ಅದರ ನಂತರದ್ದು.

ನೀವು ಮಾಡಬೇಕಾದ್ದು ಇಷ್ಟು: ಹಿಂಬದಿ ಗೋಡೆಯಲ್ಲಿ ಫಿಲ್ಟರ್ ಇರುವ ಸಣ್ಣ ಫ್ಯಾನು ಒಳಮುಖವಾಗಿ, ಎದುರು ಗೋಡೆಯಲ್ಲಿ ಎಕ್ಸಾಸ್ಟ್. ಗಾಳಿ ಎಳೆಯುವುದು ರಸ್ತೆ ಕಡೆಯಿಂದ ಬೇಡ.

ಅಂದಹಾಗೆ, ಈ ತಪ್ಪು ಕಲ್ಪನೆ ಕಾರಿನಿಂದ ಬಂದದ್ದು ಅಂತ ನನ್ನ ಗುಮಾನಿ. ಕಾರಿನ ಎಸಿ ನಿಜಕ್ಕೂ ಹೊರಗಿನ ಗಾಳಿ ತರಬಲ್ಲದು. ಬಾಗಿದ ಬಾಣದ ಚಿತ್ರ ಇರುವ ಬಟನ್ ಒತ್ತಿದರೆ ಮಾತ್ರ ಒಳಗಿನದೇ ಸುತ್ತುತ್ತದೆ. ಹೊಗೆ ಉಗುಳುವ ಟೆಂಪೊ ಹಿಂದೆ ಸಿಕ್ಕಿಕೊಂಡಾಗ ಅದು ಸರಿ. ನೆಲಮಂಗಲ ದಾಟಿದ ಮೇಲೂ ಹಾಗೇ ಬಿಟ್ಟು, ಐದು ಜನ ತುಂಬಿಕೊಂಡು ಹಾಸನದವರೆಗೆ ಹೋಗ್ತೀರಲ್ಲ, ಆ ತೂಕಡಿಕೆಗೆ ಊಟವನ್ನು ಬೈಯುವ ಮುಂಚೆ ಬಟನ್ ನೋಡಿ.